ಅನ್ಯ ಸರಕಾರದ ಪದಕ, ನಮ್ಮವರ ತಕ್ಕಡಿ

ಕೆಲವು ವರ್ಷಗಳ ಹಿಂದಿನ ಮಾತು. ಅಂಕೋಲೆಗೆ ಹತ್ತಿರದ ಊರೊಂದರಲ್ಲಿ ನಮ್ಮ ಬಾಲ್ಯದ ಗೆಳೆಯನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಉರ್ದು ಶಾಲೆಯಲ್ಲಿ ನಮ್ಮ ಜೊತೆ ಒಂದೇ ಚಾಪೆಯ ಮೇಲೆ ಕೂತು ಅಲಿಫ್ ಬೇ ಕಲಿತವನು ಆತ. ಮುಂದೆ ನಾವು ಕನ್ನಡ ಹೈಸ್ಕೂಲಿಗೆ ಹೋದೆವು, ಅವನು ಲಾರಿಯ ಕ್ಲೀನರನಾಗಿ ಹೋದ. ಅಲ್ಲಿಂದ ಡ್ರೈವರ್, ಅಲ್ಲಿಂದ ಗಲ್ಫ್. ಇಪ್ಪತ್ತು ವರ್ಷ ಅಲ್ಲಿ ದುಡಿದು ಮಂಡಿನೋವು, ಸಕ್ಕರೆ ಕಾಯಿಲೆಗಳ ಜೊತೆ ಒಂದು ಪದಕವನ್ನೂ ತಂದಿದ್ದ. ಬೆಂಕಿ ಬಿದ್ದ ಕಟ್ಟಡವೊಂದರಿಂದ ಎರಡು ಮಕ್ಕಳನ್ನು ಹೊತ್ತು ತಂದದ್ದಕ್ಕೆ ಅಲ್ಲಿನ ಸರಕಾರದ ಇಲಾಖೆಯೊಂದು ಕೊಟ್ಟ ಪದಕ ಅದು. ಮಕ್ಕಳು ಯಾವ ದೇಶದವರು, ಯಾವ ಮತದವರು ಎಂದು ನಾವು ಕೇಳಿದ್ದಕ್ಕೆ ಆತ, "ಹೊಗೆಯಲ್ಲಿ ಕಾಣಲಿಲ್ಲ ಮಾರಾಯ" ಎಂದಿದ್ದ.

ಸಮಾರಂಭದ ದಿನ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಮೇಲೆ ಆ ಪದಕ ಸಿಕ್ಕಿಸಿಕೊಂಡು ಬಂದ. ಸಂಘಟಕರಲ್ಲಿ ಒಬ್ಬರು ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅದೊಂದು ಬೇಡ. ಬೇರೆ ದೇಶದ್ದು. ಯಾಕೆ ಸುಮ್ಮನೆ ಮಾತಿಗೆ ಅವಕಾಶ?" ಹೇಳಿದವರು ಕೆಟ್ಟವರಲ್ಲ, ನಮ್ಮವರೇ. ಗೆಳೆಯ ಏನೂ ಆಡದೆ ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಭಾಷಣಗಳಾದವು. ಹಿಂದಿರುಗುವಾಗ ಬಸ್ಸಿನಲ್ಲಿ ಅವನು ನಮ್ಮನ್ನು ಕೇಳಿದ: "ನೀವು ನಾಲ್ಕು ಪುಸ್ತಕ ಓದಿದವರು. ಕಾನೂನು ಏನು ಹೇಳ್ತದೆ? ಹಾಕಿಕೊಳ್ಳಬಾರದಾ?"

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಕತೆ ಬರೆಯುವವರಿಗೆ ಕಾನೂನಿನ ಗೊಡವೆ ಯಾಕೆ ಎಂದು ಜಾರಿಕೊಂಡೆವು. ಆಮೇಲೆ ಓದಿದ್ದು, ತಿಳಿದದ್ದು ಇಲ್ಲಿದೆ. ತಡವಾಗಿ ಕೊಟ್ಟ ಉತ್ತರ ಎಂದು ಓದುಗರು ತಿಳಿಯಲಿ.

ಮೊದಲು ಕಾನೂನಿನ ಮಾತು. ನಮ್ಮ ಸಂವಿಧಾನದ 18ನೇ ವಿಧಿ ಬಿರುದುಗಳ ರದ್ದತಿಗೆ ಸಂಬಂಧಿಸಿದ್ದು. ಅದರಲ್ಲಿ ನಾಲ್ಕು ಖಂಡಗಳಿವೆ. ಒಂದು, ಸೈನಿಕ ಮತ್ತು ವಿದ್ಯಾಸಂಬಂಧಿ ಮನ್ನಣೆಗಳ ಹೊರತು ಸರಕಾರ ಯಾರಿಗೂ ಬಿರುದು ಕೊಡಕೂಡದು. ಎರಡು, ಭಾರತದ ಪ್ರಜೆಯಾದವನು ಯಾವುದೇ ವಿದೇಶಿ ಪ್ರಭುತ್ವದಿಂದ ಬಿರುದು ಸ್ವೀಕರಿಸಕೂಡದು. ಮೂರು, ಪ್ರಜೆಯಲ್ಲದಿದ್ದರೂ ನಮ್ಮ ಸರಕಾರದ ಲಾಭದ ಅಥವಾ ನಂಬಿಕೆಯ ಹುದ್ದೆಯಲ್ಲಿರುವವನು ರಾಷ್ಟ್ರಪತಿಗಳ ಒಪ್ಪಿಗೆಯಿಲ್ಲದೆ ಅಂಥ ಬಿರುದು ಪಡೆಯಕೂಡದು. ನಾಲ್ಕು, ಅಂಥ ಹುದ್ದೆಯಲ್ಲಿರುವ ಯಾರೇ ಆಗಲಿ ರಾಷ್ಟ್ರಪತಿಗಳ ಒಪ್ಪಿಗೆಯಿಲ್ಲದೆ ವಿದೇಶಿ ಪ್ರಭುತ್ವದಿಂದ ಉಡುಗೊರೆ, ಸಂಭಾವನೆ, ಹುದ್ದೆ ಯಾವುದನ್ನೂ ತೆಗೆದುಕೊಳ್ಳಕೂಡದು.

ಇಲ್ಲಿ ಎಲ್ಲ ಪ್ರಜೆಗಳಿಗೂ ಅನ್ವಯಿಸುವ ನಿಷೇಧ 'ಬಿರುದಿ'ನದು ಮಾತ್ರ ಎಂಬುದನ್ನು ಗಮನಿಸಬೇಕು. ಬಿರುದು ಎಂದರೆ ಹೆಸರಿಗೆ ಅಂಟಿಕೊಳ್ಳುವಂಥದು. ಪದಕ ಎಂದರೆ ಅಂಗಿಗೆ ಸಿಕ್ಕಿಸುವಂಥದು. ಎರಡರ ನಡುವೆ ವ್ಯತ್ಯಾಸವಿದೆಯೇ ಎಂಬ ಪ್ರಶ್ನೆ ಭಾರತ ರತ್ನ ಮತ್ತು ಪದ್ಮ ಪ್ರಶಸ್ತಿಗಳ ಬಗ್ಗೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಬಾಲಾಜಿ ರಾಘವನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 1995ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಈ ಪ್ರಶಸ್ತಿಗಳು ಬಿರುದುಗಳಲ್ಲ, ಆದರೆ ಅವನ್ನು ಹೆಸರಿನ ಹಿಂದಾಗಲಿ ಮುಂದಾಗಲಿ ಬಳಸುವಂತಿಲ್ಲ, ಬಳಸಿದವರು ಪ್ರಶಸ್ತಿ ಕಳೆದುಕೊಳ್ಳಬೇಕಾಗುತ್ತದೆ ಎಂಬುದು ಅದರ ಸಾರ. ತೀರ್ಪು ನಮ್ಮದೇ ಸರಕಾರದ ಪ್ರಶಸ್ತಿಗಳ ಕುರಿತಾದದ್ದು, ನಿಜ. ಆದರೆ ಅದೇ ತರ್ಕದ ಅಳತೆಗೋಲು ಹಿಡಿದರೆ ನಮ್ಮ ಗೆಳೆಯನ ಪದಕ ಬಿರುದಲ್ಲ. ಅವನು ಸರಕಾರಿ ಹುದ್ದೆಯಲ್ಲಿಯೂ ಇರಲಿಲ್ಲ. ಅದನ್ನು ಎದೆಗೆ ಸಿಕ್ಕಿಸಿಕೊಂಡದ್ದರಿಂದ 18ನೇ ವಿಧಿಗೆ ಯಾವ ಧಕ್ಕೆಯೂ ಇಲ್ಲ ಎಂಬುದು ನಮ್ಮ ತಿಳಿವಳಿಕೆ.

ಹಾಗಾದರೆ ಆ ಸಂಘಟಕರು ಅಂಜಿದ್ದು ಯಾವುದಕ್ಕೆ? ಕಾನೂನಿಗಂತೂ ಅಲ್ಲ. ಕಾನೂನಿಗಿಂತ ಬಹಳ ಹಳೆಯದಾದ ಇನ್ನೊಂದು ಕಲ್ಪನೆಗೆ.

ಉರ್ದುವಿನಲ್ಲಿ 'ಖಿಲ್ಅತ್' ಎಂಬ ಪದವಿದೆ. ಕನ್ನಡಕ್ಕೆ ಅದು 'ಖಿಲ್ಲತ್ತು' ಎಂದಾಗಿ ಬಂದಿದೆ. ಅರಸ ತನ್ನವರಿಗೆ ಹೊದಿಸುವ ಮರ್ಯಾದೆಯ ನಿಲುವಂಗಿ ಅದು. ಅದನ್ನು ತೊಟ್ಟವನು ಕೊಟ್ಟವನ ಮೇಲುತನವನ್ನು ಒಪ್ಪಿಕೊಂಡ ಎಂದೇ ಲೆಕ್ಕ. ಕನ್ನಡದ ಕವಿಗಳೂ ಅರಸರಿಂದ ಬಿರುದು ಪಡೆದವರೇ. ಪೊನ್ನನಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ 'ಉಭಯಕವಿಚಕ್ರವರ್ತಿ' ಎಂದ, ರನ್ನನಿಗೆ ಚಾಲುಕ್ಯ ತೈಲಪ 'ಕವಿಚಕ್ರವರ್ತಿ' ಎಂದ. ಬಿರುದು ಕೊಡುವುದು ಅರಸನ ಹಕ್ಕು, ಬಿರುದು ಹೊತ್ತವನು ಅರಸನ ಮನುಷ್ಯ. ಈ ಲೆಕ್ಕದಲ್ಲಿ ಬೇರೊಬ್ಬ ಅರಸನ ಬಿರುದು ಹೊರುವುದು ದ್ರೋಹಕ್ಕೆ ಸಮ.

ಇಂಗ್ಲೆಂಡಿನ ಇತಿಹಾಸದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಥಾಮಸ್ ಅರುಂಡೆಲ್ ಎಂಬಾತ 1595ರಲ್ಲಿ ಹಂಗೇರಿಯಲ್ಲಿ ತುರ್ಕರ ವಿರುದ್ಧ ಕಾದಾಡಿದ. ಅವನ ಶೌರ್ಯಕ್ಕೆ ಮೆಚ್ಚಿ ಚಕ್ರವರ್ತಿ ಎರಡನೆಯ ರುಡಾಲ್ಫ್ 'ಕೌಂಟ್' ಪದವಿ ಕೊಟ್ಟ. ಊರಿಗೆ ಮರಳಿದರೆ ಒಂದನೆಯ ಎಲಿಜಬೆತ್ ರಾಣಿ ಅವನನ್ನು ಸೆರೆಗೆ ತಳ್ಳಿದಳು. ತನ್ನ ಕುರಿಗಳ ಮೇಲೆ ಬೇರೆಯವರ ಗುರುತು ಬೀಳುವುದನ್ನು ತಾನು ಸಹಿಸಲಾರೆ ಎಂಬರ್ಥದ ಮಾತೊಂದು ಅವಳ ಹೆಸರಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ. ವಿದೇಶಿ ಪದಕ ಸ್ವೀಕರಿಸಲು, ತೊಡಲು ದೊರೆಯ ಅಪ್ಪಣೆ ಬೇಕು ಎಂಬ ಬ್ರಿಟಿಷರ ನಿಯಮಗಳ ಬೇರು ಇಂಥ ಭಾವನೆಯಲ್ಲಿದೆ. ಪ್ರಜೆಯ ಎದೆ ದೊರೆಯ ಸ್ವತ್ತು, ಅಲ್ಲಿ ಪರರ ಮುದ್ರೆ ಬೀಳಕೂಡದು.

ನಮ್ಮ ಸಂವಿಧಾನ ಈ ರಾಣಿಯ ಮಾತನ್ನೇ ಹೇಳುತ್ತದೆಯೇ? ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಯಾವುದೇ ಬರಹವನ್ನು ಓದುವಾಗ ಮಾತು ಏನು ಎಂಬುದರ ಜೊತೆಗೆ ಅದನ್ನು ಎಲ್ಲಿ ಆಡಲಾಗಿದೆ ಎಂಬುದನ್ನೂ ನೋಡಬೇಕು. 18ನೇ ವಿಧಿ ಇರುವುದು ರಕ್ಷಣೆಯ ಭಾಗದಲ್ಲಲ್ಲ, ವಿದೇಶ ವ್ಯವಹಾರದ ಭಾಗದಲ್ಲೂ ಅಲ್ಲ. ಅದು ಮೂಲಭೂತ ಹಕ್ಕುಗಳಲ್ಲಿ, 14ರಿಂದ 18ರವರೆಗಿನ ಸಮಾನತೆಯ ಹಕ್ಕಿನ ಸಾಲಿನಲ್ಲಿ ಕೊನೆಯದಾಗಿ ಕೂತಿದೆ. ಅದರ ಪಕ್ಕದ ಮನೆ 17ನೇ ವಿಧಿ, ಅಸ್ಪೃಶ್ಯತೆಯನ್ನು ಅಳಿಸಿದ ವಿಧಿ. ಒಬ್ಬನನ್ನು ಹುಟ್ಟಿನಿಂದ ಕೆಳಗೆ ತಳ್ಳುವ ಹೆಸರನ್ನು ಒಂದು ಅಳಿಸಿತು. ಒಬ್ಬನನ್ನು ಉಳಿದವರ ತಲೆಯ ಮೇಲೆ ಕೂರಿಸುವ ಹೆಸರನ್ನು ಇನ್ನೊಂದು ಅಳಿಸಿತು. ಆದ್ದರಿಂದ ಬಿರುದಿನ ನಿಷೇಧದಲ್ಲಿ ಮೊದಲು ಇರುವುದು ಸಮಾನತೆಯ ಪ್ರಶ್ನೆ. ನಿಷ್ಠೆಯ ಪ್ರಶ್ನೆ ಆಮೇಲಿನದು.

ಇದಕ್ಕೆ ವಿರುದ್ಧವಾಗಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆಯಾದಾಗ ಡಾ. ಅಂಬೇಡ್ಕರರು, ಬಿರುದನ್ನು ಸ್ವೀಕರಿಸದಿರುವುದು ಹಕ್ಕಲ್ಲ, ಪೌರತ್ವ ಮುಂದುವರಿಯಲು ಪ್ರಜೆ ಪಾಲಿಸಬೇಕಾದ ಕರ್ತವ್ಯ ಎಂಬರ್ಥದಲ್ಲಿ ವಿವರಿಸಿದ್ದರು. ಮುರಿದವರಿಗೆ ಏನು ಶಿಕ್ಷೆ ಎಂಬುದನ್ನು ಸಂಸತ್ತು ಕಾನೂನಿನ ಮೂಲಕ ತೀರ್ಮಾನಿಸಬಹುದು ಎಂಬುದು ಅವರ ನಿಲುವು. ಅಂಥ ಶಿಕ್ಷೆಯ ಕಾನೂನನ್ನು ಸಂಸತ್ತು ಮಾಡಲಿಲ್ಲ. ಕರ್ತವ್ಯ ಎಂದರೂ ಅದು ಎಲ್ಲ ಪ್ರಜೆಗಳಿಗೂ ಒಂದೇ ತೂಕದ ಕರ್ತವ್ಯ. ಹೆಸರು ನೋಡಿ ತೂಕ ಬದಲಾಯಿಸಲು ಅಂಬೇಡ್ಕರರು ಯಾರಿಗೂ ಅನುಮತಿ ಕೊಟ್ಟಿಲ್ಲ.

ಬೇರೆ ದೇಶಗಳ ಸಂವಿಧಾನಗಳ ಜೊತೆ ಇಟ್ಟು ನೋಡಿದರೆ ನಮ್ಮವರು ಎಷ್ಟು ಅಳೆದು ಬರೆದರು ಎಂಬುದು ತಿಳಿಯುತ್ತದೆ. 1787ರ ಅಮೆರಿಕದ ಸಂವಿಧಾನ ಸರಕಾರಿ ಹುದ್ದೆಯಲ್ಲಿರುವವರನ್ನು ಮಾತ್ರ ತಡೆಯುತ್ತದೆ, ಅದೂ ಅಲ್ಲಿನ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದಿದ್ದರೆ. 1919ರ ಜರ್ಮನಿಯ ವೈಮಾರ್ ಸಂವಿಧಾನ ಇನ್ನೊಂದು ತುದಿಗೆ ಹೋಗಿ, ಯಾವ ಜರ್ಮನನೂ ವಿದೇಶಿ ಸರಕಾರದಿಂದ ಬಿರುದನ್ನಾಗಲಿ ಪದಕವನ್ನಾಗಲಿ ಪಡೆಯಕೂಡದು ಎಂದಿತ್ತು. ನಮ್ಮವರು ಪ್ರಜೆಗಳೆಲ್ಲರಿಗೂ ನಿಷೇಧ ಹಾಕಿದರು, ಆದರೆ ಬಿರುದಿಗೆ ಮಾತ್ರ. ಪದಕದ ಬಾಗಿಲನ್ನು ಹಾಗೆಯೇ ಬಿಟ್ಟರು.

ಈ ಬಿರುದುಗಳ ಮೇಲೆ ಅವರಿಗೆ ಅಷ್ಟು ಸಿಟ್ಟು ಯಾಕೆ? ಅದಕ್ಕೆ ಉತ್ತರ ನಮ್ಮ ಕಾರವಾರ ಅಂಕೋಲೆಗಳ ಮರಳಿನಲ್ಲಿಯೇ ಇದೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರರು ಅಣ್ಣನ ಮನೆಗೆ ಬಂದರು. ಕಾಳಿ ನದಿಯಲ್ಲಿ ದೋಣಿಯೇರಿ ಹೋದರು, ಬೆಳದಿಂಗಳಲ್ಲಿ ಮರಳ ಮೇಲೆ ನಡೆದರು, 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಇದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಆ ಹೆಸರಿನ ಮುಂದೆ ಒಂದು ಕಾಲಕ್ಕೆ 'ಸರ್' ಎಂದಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1915ರಲ್ಲಿ ಬ್ರಿಟಿಷ್ ದೊರೆ ಅವರಿಗೆ ನೈಟ್ ಪದವಿ ಕೊಟ್ಟ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗಿನಲ್ಲಿ ಗುಂಡು ಹಾರಿತು. ಮೇ 31ರಂದು ರವೀಂದ್ರರು ವೈಸರಾಯ್ ಚೆಮ್ಸ್‌ಫರ್ಡ್‌ಗೆ ಪತ್ರ ಬರೆದು ಪದವಿಯಿಂದ ತಮ್ಮನ್ನು ಬಿಡುಗಡೆ ಮಾಡಿ ಎಂದು ಕೇಳಿದರು.

ಆ ಪತ್ರವನ್ನು ಸಾಹಿತ್ಯವಾಗಿ ಓದಬೇಕು. ಅದರಲ್ಲಿ ಕೂಗಾಟವಿಲ್ಲ. ತನ್ನ ಜನರಿಗೆ ಅವಮಾನವಾಗುತ್ತಿರುವಾಗ ತನ್ನ ಮೈಮೇಲಿನ ಗೌರವದ ಗುರುತುಗಳೇ ನಾಚಿಕೆಯ ಗುರುತುಗಳಾಗಿ ಹೊಳೆಯುತ್ತವೆ, ಆದ್ದರಿಂದ ವಿಶೇಷ ಮರ್ಯಾದೆಗಳನ್ನೆಲ್ಲ ಕಳಚಿ ಆ ಜನರ ಪಕ್ಕದಲ್ಲಿ ನಿಲ್ಲಬಯಸುತ್ತೇನೆ ಎಂಬುದು ಅದರ ಭಾವ. ಇಲ್ಲಿ ರವೀಂದ್ರರು 'ನನ್ನ ನಿಷ್ಠೆ ಯಾರಿಗೆ' ಎಂಬ ಲೆಕ್ಕ ಒಪ್ಪಿಸುತ್ತಿಲ್ಲ. ತಾನು ಯಾರ ಪಕ್ಕದಲ್ಲಿ, ಯಾರ ಸಮನಾಗಿ ನಿಂತಿದ್ದೇನೆ ಎಂಬುದನ್ನು ಹೇಳುತ್ತಿದ್ದಾರೆ. ಮೂವತ್ತು ವರ್ಷಗಳ ಮೇಲೆ ಬಂದ 18ನೇ ವಿಧಿಯ ತಿರುಳು ಈ ಪತ್ರದಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಇನ್ನೊಂದು ಸಂಗತಿ. ಆ ಪತ್ರವನ್ನು ಬರೆಯಿರಿ ಎಂದು ರವೀಂದ್ರರ ಮನೆಯ ಮುಂದೆ ಯಾರೂ ಧರಣಿ ಕೂತಿರಲಿಲ್ಲ. ಅವರು ತಾವಾಗಿ ಕಳಚಿದರು. ಅದಕ್ಕೇ ಆ ಕಳಚುವಿಕೆಗೆ ಬೆಲೆ ಬಂತು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಕೈಸರ್-ಎ-ಹಿಂದ್ ಚಿನ್ನದ ಪದಕವನ್ನು, ಜುಲು ಮತ್ತು ಬೋಯರ್ ಯುದ್ಧಗಳ ಸೇವೆಗಾಗಿ ಸಿಕ್ಕಿದ್ದ ಪದಕಗಳನ್ನು ಹಿಂದಿರುಗಿಸಿದರು. ದಿಲ್ಲಿಯ ಹಕೀಮ್ ಅಜ್ಮಲ್ ಖಾನ್ ಅದೇ ವರ್ಷ ಸರಕಾರ ಕೊಟ್ಟ 'ಹಾಜಿಖುಲ್ ಮುಲ್ಕ್' ಬಿರುದನ್ನು ಬಿಟ್ಟುಕೊಟ್ಟರು, ಜನ ಅವರನ್ನು 'ಮಸೀಹುಲ್ ಮುಲ್ಕ್' ಎಂದು ಕರೆದರು. ಎಲ್ಲರೂ ಹಾಗೆ ಮಾಡಲಿಲ್ಲ. ಮಹಾಕವಿ ಇಕ್ಬಾಲರು 1923ರ ಹೊಸವರ್ಷದ ದಿನ 'ಸರ್' ಆದರು, ಉರ್ದು ಪತ್ರಿಕೆಗಳ ವಿಡಂಬನಕಾರರು ಅವರನ್ನು ಬಿಡಲಿಲ್ಲ. ಅವರಿಗಿಂತ ಮೊದಲು ಶಿಬ್ಲಿ ನೋಮಾನಿಯವರು 1892ರಲ್ಲಿ ತುರ್ಕಿಗೆ ಹೋದಾಗ ಸುಲ್ತಾನ ಅಬ್ದುಲ್ ಹಮೀದರಿಂದ ಮಜೀದಿಯಾ ತಮ್ಗಾ ಪಡೆದರು, ಎರಡು ವರ್ಷದ ನಂತರ ಬ್ರಿಟಿಷರಿಂದ 'ಶಮ್ಸುಲ್ ಉಲಮಾ' ಬಿರುದನ್ನೂ ಪಡೆದರು. ಒಬ್ಬ ವಿದ್ವಾಂಸರ ಎದೆಯ ಮೇಲೆ ಎರಡು ಸಾಮ್ರಾಜ್ಯಗಳ ಗುರುತು. ಆದರೂ ಶಿಬ್ಲಿ ಯಾರ ಕುರಿಯೂ ಆಗಲಿಲ್ಲ ಎಂಬುದಕ್ಕೆ ಅವರ ಗ್ರಂಥಗಳೇ ಸಾಕ್ಷಿ.

ಬ್ರಿಟಿಷರ ಬಿರುದುಗಳಲ್ಲಿ ಇನ್ನೊಂದು ಕುತಂತ್ರವಿತ್ತು. ಹಿಂದೂಗಳಿಗೆ 'ರಾವ್ ಸಾಹೇಬ', 'ರಾವ್ ಬಹಾದ್ದೂರ'. ಮುಸ್ಲಿಮರಿಗೆ 'ಖಾನ್ ಸಾಹೇಬ', 'ಖಾನ್ ಬಹಾದ್ದೂರ'. ಗೌರವವನ್ನೂ ಮತದ ಪ್ರಕಾರ ಬೇರೆ ಬೇರೆ ಚೀಲಗಳಲ್ಲಿ ತುಂಬಿ ಹಂಚಿದರು. 1911ರಿಂದ ಇವುಗಳಿಗೆ ಎದೆಯ ಮೇಲೆ ಧರಿಸುವ ಬಿಲ್ಲೆಗಳೂ ಬಂದವು. ಅತ್ತ ಬಿಲ್ಲೆ ಹಂಚಿಕೆಯಾಗುತ್ತಿದ್ದ ಕಾಲದಲ್ಲಿಯೇ ಇತ್ತ ಅಂಕೋಲೆಯ ಜನ 1930ರ ಏಪ್ರಿಲ್ 13ರಂದು, ಜಲಿಯನ್‌ವಾಲಾಬಾಗಿನ ಅದೇ ತಾರೀಕಿನಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಹೊಲ ಮನೆ ಕಳೆದುಕೊಂಡರು. ಅವರಿಗೆ ಯಾರೂ ಬಿರುದು ಕೊಡಲಿಲ್ಲ. ಉಪ್ಪು ಮಾತ್ರ ಎಲ್ಲರದೂ ಒಂದೇ ಆಗಿತ್ತು, ರಾವ್ ಉಪ್ಪು ಖಾನ್ ಉಪ್ಪು ಎಂದು ಬೇರೆ ಇರಲಿಲ್ಲ. ಸಂವಿಧಾನ ಬರೆದವರ ಸಿಟ್ಟು ಈ ಅನುಭವದಿಂದ ಬಂದದ್ದು.

ಈಗ ನಮ್ಮ ಕಾಲಕ್ಕೆ ಬರೋಣ. ಪೇಶಾವರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳಗಿದ ದಿಲೀಪ್ ಕುಮಾರರಿಗೆ 1998ರಲ್ಲಿ ಪಾಕಿಸ್ತಾನ ಸರಕಾರ 'ನಿಶಾನ್-ಎ-ಇಮ್ತಿಯಾಜ್' ಕೊಟ್ಟಿತು. ಮರುವರ್ಷ ಕಾರ್ಗಿಲ್ ಯುದ್ಧ. ಪ್ರಶಸ್ತಿ ಹಿಂದಿರುಗಿಸಬೇಕೆಂದು ಶಿವಸೇನೆ ಪಟ್ಟು ಹಿಡಿಯಿತು, ಅವರ ದೇಶಪ್ರೇಮವನ್ನೇ ಪ್ರಶ್ನಿಸಲಾಯಿತು. ದಿಲೀಪರು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರನ್ನು ಕಂಡರು. ಅವರ ದೇಶಪ್ರೇಮದ ಬಗ್ಗೆ ಅನುಮಾನವಿಲ್ಲ, ಪ್ರಶಸ್ತಿಯನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವರಿಗೆ ಬಿಟ್ಟದ್ದು ಎಂಬ ನಿಲುವನ್ನು ವಾಜಪೇಯಿ ತಾಳಿದರು. ದಿಲೀಪರು ಇಟ್ಟುಕೊಂಡರು. 2000ದಲ್ಲಿ ರಾಜ್ಯಸಭೆಯ ಸದಸ್ಯರಾದರು, 2015ರಲ್ಲಿ ಪದ್ಮವಿಭೂಷಣ ಬಂತು, 2021ರಲ್ಲಿ ತೀರಿಕೊಂಡರು.

ಇದಕ್ಕೆ ಜೊತೆಯಾಗಿ ಮೊರಾರ್ಜಿ ದೇಸಾಯಿಯವರದನ್ನು ಇಟ್ಟು ನೋಡಬೇಕು. 1977ರಲ್ಲಿ ಮೊರಾರ್ಜಿಯವರ ಸರಕಾರ ಪದ್ಮ ಪ್ರಶಸ್ತಿಗಳನ್ನೇ ನಿಲ್ಲಿಸಿತ್ತು. ಅವು ಮತ್ತೆ ಬಂದದ್ದು 1980ರಲ್ಲಿ. ಅದೇ ಮೊರಾರ್ಜಿ 1990ರಲ್ಲಿ ಪಾಕಿಸ್ತಾನದ ಅತ್ಯುನ್ನತ ಗೌರವವಾದ 'ನಿಶಾನ್-ಎ-ಪಾಕಿಸ್ತಾನ್' ಸ್ವೀಕರಿಸಿದರು, 1991ರಲ್ಲಿ ಭಾರತ ರತ್ನವನ್ನೂ ಸ್ವೀಕರಿಸಿದರು. ಟೀಕೆಗಳಿದ್ದಿರಬಹುದು. ಆದರೆ ಅವರ ಹುಟ್ಟು, ಅವರ ಹೆಸರು ಆ ಟೀಕೆಯ ಸರಕಾಗಲಿಲ್ಲ. ಹಾಗೆಯೇ ಪ್ರಧಾನಿ ನರೇಂದ್ರ ಮೋದಿಯವರು 2016ರಲ್ಲಿ ಸೌದಿ ಅರೇಬಿಯಾದ, 2019ರಲ್ಲಿ ಅರಬ್ ಎಮಿರೇಟ್ಸಿನ, 2023ರಲ್ಲಿ ಈಜಿಪ್ಟಿನ, 2024ರಲ್ಲಿ ಕುವೈತಿನ ಉನ್ನತ ಗೌರವಗಳನ್ನು ಪಡೆದರು. ದೇಶಕ್ಕೆ ಸಂದ ಗೌರವ ಎಂದು ಪತ್ರಿಕೆಗಳು ಬರೆದವು. ಅದು ಸರಿಯೇ, ನಮ್ಮ ತಕರಾರಿಲ್ಲ. ಅದೇ ಅರಬರ ನಾಡಿನಲ್ಲಿ ಬೆಂಕಿಗೆ ನುಗ್ಗಿದ ಡ್ರೈವರನ ಪದಕ ಮಾತ್ರ ಯಾಕೆ ಜೇಬು ಸೇರಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ದಿಲೀಪ್ ಕುಮಾರರು ಅಂದು ಹಿಂದಿರುಗಿಸಿದ್ದರೆ ಏನಾಗುತ್ತಿತ್ತು? ಕೆಲವರು ಶಾಂತರಾಗುತ್ತಿದ್ದರು. ಆದರೆ ಅದು ರವೀಂದ್ರರ ಕಳಚುವಿಕೆ ಆಗುತ್ತಿರಲಿಲ್ಲ. ತಾನಾಗಿ ಬಿಟ್ಟದ್ದು ತ್ಯಾಗ, ಬೆದರಿಸಿ ಬಿಡಿಸಿದ್ದು ಜಪ್ತಿ. ಜಪ್ತಿಯಿಂದ ಯಾರ ದೇಶಪ್ರೇಮವೂ ಸಾಬೀತಾಗುವುದಿಲ್ಲ. ಅನುಮಾನಿಸುವವರ ಅಧಿಕಾರ ಮಾತ್ರ ಸಾಬೀತಾಗುತ್ತದೆ. ಇವತ್ತು ಪದಕ, ನಾಳೆ ಇನ್ನೇನೋ. ಕನ್ನಡದ ಕತೆಗಾರ್ತಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಸಂಕಲನ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದಾಗ ನಾಡೆಲ್ಲ ಹಿಗ್ಗಿತು. ಅದು ಪ್ರತಿಷ್ಠಾನವೊಂದು ಕೊಡುವ ಬಹುಮಾನ, ವಿದೇಶಿ ಪ್ರಭುತ್ವದ್ದಲ್ಲ, 18ನೇ ವಿಧಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ವಿರೋಧ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಸಂಗತಿ ಬೇರೆ, ತಕ್ಕಡಿ ಅದೇ.

ಸೈನಿಕರ ವಿಷಯ ಬೇರೆ ಎಂದು ಕೆಲವರು ಹೇಳಬಹುದು. ಅವರಿಗೆ ಸರಕಾರದ ಅನುಮತಿ ಬೇಕು, ಸಮವಸ್ತ್ರದ ಮೇಲೆ ಏನನ್ನು ತೊಡಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಅದು ಇರಬೇಕಾದದ್ದೇ. ಕೊಡಗಿನ ಕಾರ್ಯಪ್ಪನವರು ಬ್ರಿಟಿಷರಿಂದ ಓಬಿಇ ಪಡೆದವರು, ಅಮೆರಿಕದ 'ಲೀಜನ್ ಆಫ್ ಮೆರಿಟ್' ಪಡೆದವರು. ಅವರೇ ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರು. ಟಾಗೋರ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕದಲ್ಲಿ 2006ರಲ್ಲಿ ನಿಲ್ಲಿಸಿದ ಒಂದು ಪ್ರತಿಮೆಯಿದೆ. ಅದು ಕಾರವಾರ ತಾಲೂಕಿನ ಚೆಂಡಿಯಾ ಮೂಲದ ಮೇಜರ್ ರಾಮ ರಾಘೋಬಾ ರಾಣೆಯವರದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ದೊರೆಯ ಸೇನೆಯಲ್ಲಿ ಬರ್ಮಾದಲ್ಲಿ ಕಾದಿದ ಅವರು 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಯ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬುಗಳನ್ನು ತೆಗೆದು ರಸ್ತೆ ಮಾಡಿಕೊಟ್ಟರು, ಪರಮವೀರ ಚಕ್ರ ಪಡೆದರು. ಆ ಪರಮವೀರ ಚಕ್ರದ ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ ಹುಟ್ಟಿದ್ದು ಯುರೋಪಿನಲ್ಲಿ. ಹಾಗೆಂದು ಯಾರೂ ಆ ಪದಕವನ್ನು ಪರದೇಶಿ ಎನ್ನುವುದಿಲ್ಲ. ಒಂದೇ ಮರಳ ಮೇಲೆ ದೊರೆಯ ಗೌರವವನ್ನು ಕಳಚಿದ ಕವಿಯ ಹೆಸರೂ, ದೊರೆಯ ಸೇನೆಯಿಂದ ಬಂದು ಗಣರಾಜ್ಯದ ಪದಕ ತೊಟ್ಟ ಯೋಧನ ಪ್ರತಿಮೆಯೂ ಇವೆ. ಯಾರಿಗೂ ಇರುಸುಮುರುಸಿಲ್ಲ.

ಅನ್ಯರ ತಪ್ಪು ಹೇಳಿ ಮುಗಿಸಿದರೆ ಅದು ಅರ್ಧ ವಿಮರ್ಶೆ. ನಮ್ಮ ಕಡೆಯೂ ನೋಡಿಕೊಳ್ಳಬೇಕು. ಬಿರುದನ್ನು ಸಂವಿಧಾನ ಬಾಗಿಲಿನಿಂದ ಹೊರಗೆ ಹಾಕಿತು, ನಾವು ಕಿಟಕಿಯಿಂದ ಒಳಗೆ ಕ‌ರೆದುಕೊಂಡೆವು. ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತ ರತ್ನ ಬಂದರೂ ನಮ್ಮ ಬಾಯಲ್ಲಿ ಅವರು 'ಸರ್ ಎಂ.ವಿ.', ಮೈಸೂರಿನ ದಿವಾನರು ಇಂದಿಗೂ 'ಸರ್ ಮಿರ್ಜಾ'. ಅವರ ಕೆಲಸ ದೊಡ್ಡದು, ಆ 'ಸರ್' ಇಲ್ಲದೆಯೂ ದೊಡ್ಡದೇ. ನಮ್ಮ ಸಮುದಾಯದ ಸಭೆಗಳ ಕರಪತ್ರ ನೋಡಿದರೆ ಹೆಸರಿಗಿಂತ ಹೆಸರಿನ ಮುಂದಿನದೇ ಉದ್ದ. ಹಜ್ ಮಾಡಿದವರು 'ಅಲ್‌ಹಾಜ್', ದೇಣಿಗೆ ಕೊಟ್ಟವರು 'ಕೊಡುಗೈ ದಾನಿ', ಕಂಡು ಕೇಳರಿಯದ ಪರದೇಶದ ವಿಶ್ವವಿದ್ಯಾಲಯವೊಂದಕ್ಕೆ ಹಣ ಕಟ್ಟಿದವರು 'ಡಾಕ್ಟರ್'. ಎಹ್ರಾಮಿನ ಎರಡು ತುಂಡು ಬಿಳಿಬಟ್ಟೆಯಲ್ಲಿ ಅರಸನೂ ಆಳೂ ಒಂದೇ ಎಂದು ನಿಂತು ಬಂದವರು ಊರಿಗೆ ಬಂದೊಡನೆ ಅದನ್ನೇ ಬಿರುದು ಮಾಡಿಕೊಳ್ಳುವುದು ವಿಪರ್ಯಾಸ. ವೇದಿಕೆಯ ಮೇಲೆ ಇವರಿಗೆಲ್ಲ ಮುಂದಿನ ಸಾಲು. ಗೆಳೆಯನ ಪದಕ ಬಿಚ್ಚಿಸಿದ ಸಮಾರಂಭದಲ್ಲಿಯೂ ಈ ಬಿರುದುಗಳಿಗೆ ಕೊರತೆಯಿರಲಿಲ್ಲ. ಯಾರೂ ಅವನ್ನು ಬಿಚ್ಚಿ ಎಂದು ಹೇಳಲಿಲ್ಲ.

ಗೌರವವನ್ನು ತೊಡುವುದು ಹೇಗೆ ಎಂಬುದನ್ನು ಅಂಕೋಲೆಯ ಇಬ್ಬರು ತಾಯಂದಿರಿಂದ ಕಲಿಯಬೇಕು. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಲಕ್ಕಿ ಹಾಡುಗಳ ಕಣಜವಾಗಿದ್ದವರು, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ಹೋರಾಡಿದವರು. ಹೊನ್ನಳ್ಳಿಯ ತುಳಸಿ ಗೌಡರು ಸಸಿಗಳ ಜೊತೆ ಬದುಕಿದವರು. 2021ರ ನವೆಂಬರ್‌ನಲ್ಲಿ ಅವರು ತಮ್ಮ ಎಂದಿನ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದ ನೆಲದ ಮೇಲೆ ನಡೆದು ಪದ್ಮಶ್ರೀ ಪಡೆದರು. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ಕಣ್ಮುಚ್ಚಿದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಜನರ ಬೇಡಿಕೆ ಅವರಿರುವ ತನಕ ಈಡೇರಲಿಲ್ಲ. ಪದಕ ಕೊಡುವುದು ಸುಲಭ, ಪಾಲು ಕೊಡುವುದು ಕಷ್ಟ ಎಂಬುದು ಸ್ವದೇಶಿ ಸರಕಾರಕ್ಕೂ ಅನ್ವಯಿಸುವ ಮಾತು. ಆದರೆ ಆ ಇಬ್ಬರೂ ಪದಕ ಬಂದ ಮೇಲೆ ಮೊದಲಿನಂತೆಯೇ ನಡೆದರು, ಮೊದಲಿನಂತೆಯೇ ಕರೆಸಿಕೊಂಡರು. ಹೆಸರಿನ ಹಿಂದೆ ಮುಂದೆ ಏನನ್ನೂ ಹಚ್ಚಿಕೊಳ್ಳಲಿಲ್ಲ. ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ್ದನ್ನು ಅವರು ಕೋರ್ಟಿನ ತೀರ್ಪು ಓದದೆ ಪಾಲಿಸಿದರು.

ಈಗ ಗೆಳೆಯನಿಗೆ ಉತ್ತರ ಹೇಳಬಹುದು. ಹಾಕಿಕೊಳ್ಳಬಹುದು ಮಾರಾಯ. ನಿನ್ನದು ಬಿರುದಲ್ಲ. ಅದು ನಿನ್ನನ್ನು ಯಾರ ಆಳನ್ನಾಗಿಯೂ ಮಾಡಿಲ್ಲ, ಯಾರ ತಲೆಯ ಮೇಲೂ ಕೂರಿಸಿಲ್ಲ. ಹೊಗೆಯಲ್ಲಿ ಎರಡು ಮಕ್ಕಳು ಸಿಕ್ಕಿದವು ಎಂದಷ್ಟೇ ಅದು ಹೇಳುತ್ತದೆ. ಆ ಸರಕಾರ ಮುಂದೊಂದು ದಿನ ನಮ್ಮ ಜನರಿಗೆ, ಅಥವಾ ಬೇರೆ ಯಾವ ಜನರಿಗಾದರೂ ಸಹಿಸಲಾಗದ ಅನ್ಯಾಯ ಮಾಡಿದರೆ, ಆ ದಿನ ಅದನ್ನು ಬಿಚ್ಚಿ ಕಳಿಸಬೇಕೋ ಬೇಡವೋ ಎಂದು ನೀನೇ ಯೋಚಿಸು. ಕಾರವಾರದ ಕಡಲತೀರಕ್ಕೆ ಹೆಸರು ಕೊಟ್ಟವರು ಹಾಗೆಯೇ ಮಾಡಿದರು. ಆದರೆ ಬಿಚ್ಚುವ ಹಕ್ಕು ನಿನ್ನದಾಗಿರಬೇಕಾದರೆ ಮೊದಲು ತೊಡುವ ಹಕ್ಕು ನಿನಗಿರಬೇಕು.

ಇದನ್ನು ಹೇಳಲು ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆವು. ಪದಕ ಎಲ್ಲಿ ಎಂದು ಕೇಳಿದೆವು. ಹುಡುಕಿದರು. ಕಪಾಟಿನಲ್ಲಿ, ಹೆಂಡತಿಯ ಮದುವೆಯ ಸೀರೆಯ ಮಡಿಕೆಯೊಳಗೆ ಸಿಕ್ಕಿತು. ಸಮುದ್ರದ ಗಾಳಿಗೆ ಅಂಚು ಸ್ವಲ್ಪ ಹಸಿರಾಗಿತ್ತು. ಮೊಮ್ಮಗಳು ಅದನ್ನು ತೆಗೆದುಕೊಂಡು ತನ್ನ ಶಾಲೆಯ ಅಂಗಿಗೆ ಸಿಕ್ಕಿಸಿ ಅಂಗಳಕ್ಕೆ ಓಡಿದಳು. ಯಾರೂ ತಡೆಯಲಿಲ್ಲ.